ಮಾರುವ ಮಂತ್ರ, ಮನೆಯ ಮಂತ್ರ

ಜಿಪ್ಸಿ ಹೆಂಗಸು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದ ಚಿತ್ರ. ತಲೆಗೊಂದು ಬಣ್ಣದ ವಸ್ತ್ರ, ಬಳೆಯಷ್ಟು ದೊಡ್ಡ ಓಲೆ, ಎದುರಿಗೆ ಗಾಜಿನ ಗೋಲ, ಅವಳ ಕೈಯೊಳಗೆ ಇನ್ನಾರದೋ ಅಂಗೈ. ಈ ಜನ ತಮ್ಮನ್ನು ಕರೆದುಕೊಳ್ಳುವುದು ರೋಮಾ ಎಂದು. ಈಜಿಪ್ಟಿನಿಂದ ಬಂದವರೆಂದು ತಪ್ಪಾಗಿ ತಿಳಿದ ಇಂಗ್ಲಿಷರ ಬಾಯಲ್ಲಿ ಅವರು ಜಿಪ್ಸಿಗಳಾದರು. ಅವರಲ್ಲಿ ಬಹಳ ಮಂದಿಗೆ ಆ ಹೆಸರು ಬೈಗುಳದ ಹಾಗೆ ಕೇಳಿಸುತ್ತದೆ. ಆದ್ದರಿಂದ ನಾನು ರೋಮಾ ಎಂದೇ ಬರೆಯುತ್ತೇನೆ.

ಇವರ ತಾಯತ, ಮಂತ್ರ, ಮಾಟಗಳ ಬಗ್ಗೆ ಯುರೋಪಿನವರು ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ಆ ಗದ್ದಲದಲ್ಲಿ ಒಂದು ಸರಳ ಸಂಗತಿ ಮರೆತೇಹೋಗುತ್ತದೆ. ಅಂಗೈ ನೋಡಿ ಭವಿಷ್ಯ ಹೇಳುವುದು ರೋಮಾ ಹೆಂಗಸರಿಗೆ ಒಂದು ಕಸುಬು, ಅದೂ ಹೊರಗಿನವರಿಗಾಗಿ. ಹೊರಗಿನವರನ್ನು ಅವರು ಗಾಜೆ ಎನ್ನುತ್ತಾರೆ. ಗಾಜೆಗಳ ಕೈ ನೋಡುವವಳು ತನ್ನ ತಂಗಿಯ ಕೈ ನೋಡುವ ರೂಢಿಯಿಲ್ಲ; ತಂಗಿಯೂ ಕೈ ಚಾಚುವುದಿಲ್ಲ. ಅವರ ಮನೆಯೊಳಗಿನ ಭಯಗಳೇ ಬೇರೆ, ಅದಕ್ಕೆ ಕಟ್ಟುವ ದಾರವೇ ಬೇರೆ. ಮಾರುವ ಮಂತ್ರವನ್ನೂ ಮನೆಯ ಮಂತ್ರವನ್ನೂ ಒಂದೇ ಎಂದುಕೊಂಡ ಲೋಕ ಆ ಹೆಂಗಸರಿಂದ ಏನು ಬೆಲೆ ವಸೂಲಿ ಮಾಡಿತು ಎಂಬುದನ್ನು ಹೇಳಬೇಕೆಂದೇ ಈ ಲೇಖನಕ್ಕೆ ಕೂತಿದ್ದೇನೆ.

ಮೊದಲು ಇವರ ಮಾತಿನ ವಿಷಯ. 1780ರ ದಶಕದಲ್ಲಿ ರ್‍ಯೂಡಿಗರ್, ಗ್ರೆಲ್‌ಮನ್ ಎಂಬ ಜರ್ಮನ್ ವಿದ್ವಾಂಸರು ರೋಮಾನಿ ಭಾಷೆಯ ಬೇರು ಭಾರತದಲ್ಲಿದೆ ಎಂದು ತೋರಿಸಿಕೊಟ್ಟರು. ಕಣ್ಣಿಗೆ ಅವರು ಯಾಖ್ ಎನ್ನುತ್ತಾರೆ, ನಮ್ಮ ಅಕ್ಷಿಯೇ ಅದು. ನೀರಿಗೆ ಪಾನಿ, ದೇವರಿಗೆ ದೆವೆಲ್. ಕ್ರೈಸ್ತರ ಶಿಲುಬೆ ಅವರ ಬಾಯಲ್ಲಿ ತ್ರುಶುಲ್, ಪಾದ್ರಿ ರಶಾಯ್. ತ್ರಿಶೂಲ ಮತ್ತು ಋಷಿ ಹೇಗೆ ವೇಷ ಮರೆಸಿಕೊಂಡು ಚರ್ಚಿನೊಳಗೆ ಹೋಗಿ ಕೂತಿದ್ದಾರೆ ನೋಡಿ! ಮದ್ದಿಗೆ ದ್ರಾಬ್ ಎಂದು ಹೆಸರು, ಅದು ಸಂಸ್ಕೃತದ ದ್ರವ್ಯ. ಮದ್ದು ಬಲ್ಲ ಹೆಂಗಸು ದ್ರಾಬಾರ್ನಿ. ಭವಿಷ್ಯ ಹೇಳುವವಳಿಗೂ ಅದೇ ಹೆಸರು. ಒಂದರಿಂದ ಆರರವರೆಗಿನ ಎಣಿಕೆ ನಮ್ಮ ಕಡೆಯದು; ಏಳು ಬಂದರೆ ಎಫ್ತಾ, ಅದು ಗ್ರೀಕರಿಂದ ಪಡೆದದ್ದು. ಅದೃಷ್ಟಕ್ಕೆ ಬಖ್ತ್, ಅದು ಪರ್ಷಿಯಾದ್ದು. ಇತಿಹಾಸ ಬರೆದಿಡದ ಜನ ತಾವು ನಡೆದ ದಾರಿಯನ್ನು ಮಾತಿನಲ್ಲೇ ಗಂಟು ಕಟ್ಟಿಕೊಂಡು ಹೋಗಿದ್ದಾರೆ. ನಮ್ಮ ಲಂಬಾಣಿ ಹೆಂಗಸರ ಕನ್ನಡಿ, ಕವಡೆಗಳನ್ನು ನೋಡಿ ಅವರೂ ಇವರೂ ಒಂದೇ ಎನ್ನುವವರಿದ್ದಾರೆ. ವೇಷದ ಹೋಲಿಕೆ ನೋಡಿ ನೆಂಟಸ್ತನ ಹೇಳುವುದು ನನಗೇಕೋ ಸರಿಕಾಣದು. ಮಾತಿನ ಸಾಕ್ಷಿ ಗಟ್ಟಿ. ಸಾವಿರ ವರ್ಷಕ್ಕೂ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟವರು ಎಂಬಷ್ಟನ್ನು ಅದು ಹೇಳುತ್ತದೆ.

ಇನ್ನು ಮನೆಯ ಮಂತ್ರ. ಅಲ್ಲಿ ಮೊದಲ ಭಯ ಮಗುವಿನದು. ಹೊಗಳಿಕೆಯ ಕಣ್ಣು ಬಿದ್ದರೆ ಮಗು ಬಾಡುತ್ತದೆ ಎಂಬ ನಂಬಿಕೆ. ಬಾಲ್ಕನ್ ದೇಶಗಳ ರೋಮಾ ತಾಯಂದಿರು ಕೂಸಿಗೆ ಕೆಂಪು ದಾರ ಕಟ್ಟುತ್ತಾರೆ, ನೀಲಿ ಮಣಿಯನ್ನೋ ಬೆಳ್ಳುಳ್ಳಿ ಎಸಳನ್ನೋ ಸಿಕ್ಕಿಸುತ್ತಾರೆ. ಮುಸ್ಲಿಂ ರೋಮಾಗಳು ಮೌಲ್ವಿಯಿಂದ ಬರೆಸಿದ ತಾಯತ ಹಾಕುತ್ತಾರೆ. ಜ್ವರ ಬಿಡದಿದ್ದರೆ ಪಾದ್ರಿಯ ಹತ್ತಿರವೂ ಹೋಗುತ್ತಾರೆ, ಮೌಲ್ವಿಯ ಹತ್ತಿರವೂ ಹೋಗುತ್ತಾರೆ. ಜ್ವರ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡವಳಿಗೆ ಮತಭೇದ ಎಲ್ಲಿಯದು?

1891ರಲ್ಲಿ ಅಮೆರಿಕದ ಲೆಲ್ಯಾಂಡ್ ಎಂಬಾತ ಜಿಪ್ಸಿ ಮಾಟಮಂತ್ರಗಳ ಮೇಲೆ ದೊಡ್ಡ ಪುಸ್ತಕ ಪ್ರಕಟಿಸಿದ. ದೃಷ್ಟಿ ತೆಗೆಯುವ ಒಂದು ವಿಧಾನ ಅದರಲ್ಲಿದೆ. ಹೊಳೆಯ ನೀರನ್ನು ಮಡಕೆಯಲ್ಲಿ ತರಬೇಕು. ಹರಿವಿಗೆ ಎದುರಾಗಿ ತುಂಬಬಾರದು, ನೀರು ಹರಿಯುವ ದಿಕ್ಕಿಗೇ ಮಡಕೆ ಅದ್ದಬೇಕು. ಏಳು ಕೆಂಡ, ಏಳು ಹಿಡಿ ಹಿಟ್ಟು, ಏಳು ಎಸಳು ಬೆಳ್ಳುಳ್ಳಿ ಹಾಕಿ ಒಲೆಯ ಮೇಲಿಟ್ಟು, ಕುದಿ ಬಂದಾಗ ಮೂರು ಕವಲಿನ ಕಡ್ಡಿಯಿಂದ ತಿರುವುತ್ತ ಮಂತ್ರ ಹೇಳಬೇಕು. ಕೆಟ್ಟ ಕಣ್ಣು ಅಲ್ಲೇ ಆರಿಹೋಗಲಿ ಎಂಬುದು ಅದರ ತಾತ್ಪರ್ಯ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟು ಬರಲಿಲ್ಲವೆಂದರೆ ದೃಷ್ಟಿ ತಾಗಿದ್ದು ಖಂಡಿತ ಎನ್ನುವ ಮನೆಗಳಲ್ಲಿ ಬೆಳೆದ ನಮಗೆ ಇದು ಹೊಸದೆನಿಸುವುದಿಲ್ಲ. ಹಾಗೆಂದು ಇದನ್ನೂ ಭಾರತದಿಂದ ಕೊಂಡೊಯ್ದರು ಎನ್ನಲಾಗದು. ಗ್ರೀಕರು, ತುರ್ಕರು, ಇಟಲಿಯವರು ಎಲ್ಲರಿಗೂ ದೃಷ್ಟಿಯ ಭಯವಿತ್ತು. ಆ ಕಾಲದಲ್ಲೇ ಟ್ರಾನ್ಸಿಲ್ವೇನಿಯಾದ ರೋಮಾಗಳ ನಡುವೆ ತಿರುಗಾಡಿ ಮಂತ್ರ, ಹಾಡು ಸಂಗ್ರಹಿಸಿದ ವ್ಲಿಸ್ಲೊಟ್ಸ್ಕಿ ಎಂಬ ವಿದ್ವಾಂಸನಿಂದ ಲೆಲ್ಯಾಂಡ್ ಬಹಳಷ್ಟು ಪಡೆದಿದ್ದಾನೆ. ಅವನ ಸಂಗ್ರಹವನ್ನು ಈಚಿನ ವಿದ್ವಾಂಸರು ಅನುಮಾನದಿಂದಲೇ ನೋಡುತ್ತಾರೆ. ಬರೆದುಕೊಳ್ಳುವವನು ಸಿಕ್ಕಿದಾಗ ಹೇಳುವವರು ಒಂದಕ್ಕೆರಡು ಸೇರಿಸಿ ಹೇಳುವುದು ಎಲ್ಲ ಊರಿನಲ್ಲೂ ಇದ್ದದ್ದೇ.

ಸರ್ಬಿಯಾದ ರೋಮಾಗಳಲ್ಲಿ ಬಿಬಿ ಎಂಬವಳೊಬ್ಬಳಿದ್ದಾಳೆ. ಬಿಬಿ ಎಂದರೆ ಅತ್ತೆ, ಚಿಕ್ಕಮ್ಮ. ಕಾಲರಾದಿಂದ ಮಕ್ಕಳನ್ನು ಕಾಯುವವಳು. ಕೆಂಪುಡುಗೆಯ, ಬರಿಗಾಲಿನ, ಉದ್ದ ಕಪ್ಪು ಕೂದಲಿನ ಎತ್ತರದ ಹೆಂಗಸು. ಜೊತೆಗೆ ಇಬ್ಬರು ಪುಟ್ಟ ಹುಡುಗಿಯರು, ಎರಡು ಬಿಳಿ ಕುರಿಮರಿಗಳು. ಬೆಲ್‌ಗ್ರೇಡಿನಲ್ಲಿ ಅವಳ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹಬ್ಬ ನಡೆಯುತ್ತದೆ. ರೋಗವನ್ನು ನೆಂಟಸ್ತನದ ಹೆಸರಿನಿಂದ ಕರೆದು ಸಮಾಧಾನಪಡಿಸುವ ಈ ಉಪಾಯ, ಸಿಡುಬನ್ನು ಅಮ್ಮ ಎಂದು ಕರೆದ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಮಡಿ ಮೈಲಿಗೆಯೂ ಉಂಟು. ಮೈಲಿಗೆಗೆ ಹಲವು ಪಂಗಡಗಳಲ್ಲಿ ಮಾರಿಮೆ ಎಂದು ಹೆಸರು. ಸೊಂಟದ ಮೇಲಿನ ಬಟ್ಟೆ ಒಂದು ಬೋಗುಣಿಯಲ್ಲಿ, ಕೆಳಗಿನದು ಇನ್ನೊಂದರಲ್ಲಿ, ಪಾತ್ರೆ ಒರೆಸುವ ಅರಿವೆ ಮತ್ತೊಂದರಲ್ಲಿ. ಇಂಗ್ಲೆಂಡಿನ ಜಿಪ್ಸಿಗಳ ಜೊತೆ ಇದ್ದು ಅಧ್ಯಯನ ಮಾಡಿದ ಜೂಡಿತ್ ಓಕ್ಲಿ 1983ರ ತಮ್ಮ ಪುಸ್ತಕದಲ್ಲಿ ಒಂದು ಸೊಗಸಾದ ವಿಷಯ ಹೇಳಿದ್ದಾರೆ. ಅವರಿಗೆ ಬೆಕ್ಕು ಮೈಲಿಗೆ. ಏಕೆಂದರೆ ಅದು ತನ್ನ ಮೈಯನ್ನು ನೆಕ್ಕಿ ಹೊರಗಿನ ಕೊಳೆಯನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ. ಮೈತುಂಬ ಮುಳ್ಳಿರುವ ಮುಳ್ಳಿಲಿ ಶುದ್ಧ; ಪಾಪ, ನೆಕ್ಕಿಕೊಳ್ಳಬೇಕೆಂದರೂ ಅದಕ್ಕೆ ಆಗದು! ಹೆಂಗಸಿನ ಲಂಗದ ವಿಷಯ ಮಾತ್ರ ನಗುವಂಥದಲ್ಲ. ಅದು ತಾಗಿದರೆ ಗಂಡಸಿಗೆ ಮೈಲಿಗೆ. ಆದರೆ ಕೆಲವು ಪಂಗಡಗಳಲ್ಲಿ ಜಗಳ ಮಿತಿಮೀರಿದಾಗ ಹೆಂಗಸು ಲಂಗ ಬೀಸಲು ಮುಂದಾದರೆ ಎಂಥ ಗಂಡಸೂ ಹಿಂದೆ ಸರಿಯುತ್ತಿದ್ದನಂತೆ. ಅವಳನ್ನು ಕೀಳುಮಾಡಿದ ಕಟ್ಟಳೆಯೇ ಅವಳ ಕೈಯ ಆಯುಧವಾಯಿತು. ಸತ್ತವರ ಭಯವೂ ದೊಡ್ಡದು. ಮುಲೋ, ಅಂದರೆ ಮೃತ, ತನ್ನ ವಸ್ತುಗಳನ್ನು ಹುಡುಕಿಕೊಂಡು ಬರುತ್ತಾನೆಂದು ಬ್ರಿಟನ್ನಿನಲ್ಲಿ ಸತ್ತವರ ಗಾಡಿಯನ್ನೇ ಸುಟ್ಟುಬಿಡುತ್ತಿದ್ದರು.

ಇದೆಲ್ಲ ಗಾಜೆಗಳಿಗೆ ಕಾಣುತ್ತಿರಲಿಲ್ಲ. ಅವರಿಗೆ ಕಂಡದ್ದು ಅಂಗೈ ಮಾತ್ರ. 1427ರ ಆಗಸ್ಟಿನಲ್ಲಿ ರೋಮಾಗಳ ಒಂದು ಗುಂಪು ಪ್ಯಾರಿಸಿಗೆ ಬಂತು. ನೂರಕ್ಕೂ ಹೆಚ್ಚು ಜನ. ಅವರನ್ನು ಊರ ಹೊರಗಿನ ಲಾ ಶಾಪೆಲ್ ಎಂಬಲ್ಲಿ ಇಳಿಸಿದರು. ನೋಡಲು ಪ್ಯಾರಿಸಿಗೆ ಪ್ಯಾರಿಸೇ ಜಾತ್ರೆಗೆ ಹೋದಂತೆ ಹೋಯಿತು. ಆ ಕಾಲದ ಪ್ಯಾರಿಸಿನವನೊಬ್ಬ ಬರೆದಿಟ್ಟ ದಿನಚರಿ ಉಳಿದಿದೆ, ಅವನ ಹೆಸರು ಉಳಿದಿಲ್ಲ. ಹೆಂಗಸರು ಕೈ ನೋಡಿ, ನಿನ್ನ ಹೆಂಡತಿ ಸರಿಯಿಲ್ಲ, ನಿನ್ನ ಗಂಡ ಸರಿಯಿಲ್ಲ ಎಂದು ಹೇಳಿ ಸಂಸಾರಗಳಲ್ಲಿ ಹುಳಿ ಹಿಂಡಿದರಂತೆ, ಮಾತಾಡುತ್ತಲೇ ಹಣದ ಚೀಲ ಖಾಲಿ ಮಾಡಿದರಂತೆ ಎಂದು ಬರೆದಿದ್ದಾನೆ. ಎಲ್ಲ ಅಂತೆಕಂತೆ. ಆದರೆ ಆತ ಪ್ರಾಮಾಣಿಕ. ತಾನು ಮೂರು ನಾಲ್ಕು ಸಲ ಹೋಗಿ ಅವರೊಡನೆ ಮಾತಾಡಿದೆ, ತನ್ನ ಒಂದು ಕಾಸೂ ಹೋಗಲಿಲ್ಲ, ಅವರು ಕೈ ನೋಡಿದ್ದನ್ನೂ ತಾನು ಕಾಣಲಿಲ್ಲ ಎಂದೂ ಸೇರಿಸಿದ್ದಾನೆ. ಇತಿಹಾಸದಲ್ಲಿ ಇಂಥ ಸಾಕ್ಷಿ ಅಪರೂಪ. ಬಿಷಪ್ಪರು ಸನ್ಯಾಸಿಯೊಬ್ಬನನ್ನು ಕರೆತಂದು ಉಪದೇಶ ಮಾಡಿಸಿ, ಕೈ ನೋಡಿದವರನ್ನೂ ಕೈ ತೋರಿಸಿ ನಂಬಿದವರನ್ನೂ ಬಹಿಷ್ಕರಿಸಿದರು. ಸೆಪ್ಟೆಂಬರಿನಲ್ಲಿ ಗುಂಪು ಮುಂದಿನ ಊರಿಗೆ ನಡೆಯಿತು.

ಅಂತೆಕಂತೆಗೆ ಕಾಲಿರುತ್ತದೆ. 1590ರ ದಶಕದಲ್ಲಿ ಇಟಲಿಯ ಕರವಾಜ್ಜೊ ಬರೆದ ಚಿತ್ರದಲ್ಲಿ ಚೆಲುವ ಯುವಕನ ಕೈ ನೋಡುತ್ತಿರುವ ಹುಡುಗಿ ಮೆಲ್ಲಗೆ ಅವನ ಉಂಗುರ ಜಾರಿಸುತ್ತಿದ್ದಾಳೆ. ಚಿತ್ರ ಅದ್ಭುತವೇ ಸರಿ, ಆದರೆ ಅದರಿಂದ ರೋಮಾ ಹುಡುಗಿಯರ ಹಣೆಗೆ ಏನು ಅಂಟಿತೆಂದು ಯೋಚಿಸಿ. ಇಂಗ್ಲೆಂಡಿನಲ್ಲಿ 1530ರ ಶಾಸನ ಇವರ ಹಸ್ತಸಾಮುದ್ರಿಕವನ್ನೇ ಹೆಸರಿಸಿ ದೇಶ ಬಿಡಬೇಕೆಂದಿತು. 1554ರಲ್ಲಿ ದೇಶ ಬಿಡದವರಿಗೆ ಮರಣದಂಡನೆ ಎಂದಾಯಿತು.

ನನಗೆ ಭವಿಷ್ಯ ಹೇಳುವುದರಲ್ಲಿ ನಂಬಿಕೆಯಿಲ್ಲ. ಆದರೆ ಈ ಕಸುಬಿನ ಒಳಗುಟ್ಟು ನನಗೆ ಅರ್ಥವಾಗುತ್ತದೆ. ನೆಲವಿಲ್ಲ, ಅಂಗಡಿಯಿಲ್ಲ, ಊರೊಳಗೆ ಇರಗೊಡುವುದಿಲ್ಲ. ಬುಟ್ಟಿ, ಬಟ್ಟೆಗೆ ಸಿಕ್ಕಿಸುವ ಮರದ ಕ್ಲಿಪ್ಪು, ಅದೃಷ್ಟದ ಹೂವೆಂದು ಹೆದರ್ ಎಂಬ ಕಾಡುಗಿಡದ ಕೊನೆ, ಇವನ್ನು ಹಿಡಿದು ಹಿತ್ತಿಲ ಬಾಗಿಲಿಗೆ ಬರುವವಳು ಮನೆಯೊಡತಿಯ ಮುಖ ಓದಬೇಕು. ಯಾರೂ ಕೇಳದ ಮಾತನ್ನು ಅವಳು ಕೇಳಿಸಿಕೊಳ್ಳುತ್ತಾಳೆ. ಕೊಟ್ಟ ಕಾಸು ಭವಿಷ್ಯಕ್ಕೋ ಆ ಕಿವಿಗೋ?

ಹಿಟ್ಲರನ ಪಾಠ ಮಾಡುವಾಗ ಯಹೂದಿಗಳ ಕಥೆಯೊಂದಿಗೆ ಇವರದನ್ನೂ ನಾನು ಮಕ್ಕಳಿಗೆ ಹೇಳುತ್ತಿದ್ದೆ. 1939ರ ನವೆಂಬರಿನಲ್ಲಿ, ಯುದ್ಧ ಶುರುವಾಗಿ ಮೂರು ತಿಂಗಳೂ ತುಂಬಿರಲಿಲ್ಲ, ಭವಿಷ್ಯ ಹೇಳುವ ಜಿಪ್ಸಿ ಹೆಂಗಸರನ್ನು ಹಿಡಿದು ಸೆರೆಶಿಬಿರಕ್ಕೆ ಹಾಕಬೇಕೆಂದು ಜರ್ಮನ್ ಪೊಲೀಸ್ ಇಲಾಖೆ ಆಜ್ಞೆ ಹೊರಡಿಸಿತು. ಗಂಡ, ಮಕ್ಕಳು ಯುದ್ಧದಿಂದ ಬರುವರೇ ಎಂದು ಕೇಳುವ ತಾಯಂದಿರಿಗೆ ಇವರು ಏನಾದರೂ ಹೇಳಿಬಿಟ್ಟರೆ ಎಂಬ ಅಂಜಿಕೆ ಸರ್ಕಾರಕ್ಕೆ. ಅಷ್ಟು ದೊಡ್ಡ ಸೈನ್ಯವಿದ್ದವರು ಅಂಗೈ ಹಿಡಿದ ಹೆಂಗಸಿಗೆ ಹೆದರಿದರು! ರಾವೆನ್ಸ್‌ಬ್ರೂಕ್‌ನ ಮಹಿಳಾ ಶಿಬಿರಕ್ಕೆ ರೋಮಾ ಹೆಂಗಸರನ್ನು ಸಾಗಿಸಿದರು. ಮುಂದೆ ಔಷ್ವಿಟ್ಸ್‌ನ ಜಿಪ್ಸಿ ಶಿಬಿರಕ್ಕೆ ಸುಮಾರು 23,000 ಜನರನ್ನು ಕಳಿಸಿದರು. 1944ರ ಆಗಸ್ಟ್ 2ರ ರಾತ್ರಿ ಅಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ವಿಷಾನಿಲಕ್ಕೆ ದೂಡಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು.

ಕಸುಬು ನಿಂತಿಲ್ಲ. ರೊಮೇನಿಯಾ ಸರ್ಕಾರ 2011ರಲ್ಲಿ ಮಾಟಗಾತಿಯರನ್ನೂ ತೆರಿಗೆಯ ಪಟ್ಟಿಗೆ ಸೇರಿಸಿತು. ಸಿಟ್ಟಾದ ಮಾಟಗಾತಿಯರು, ಅವರಲ್ಲಿ ಹಲವರು ರೋಮಾ ಹೆಂಗಸರು, ಡ್ಯಾನ್ಯೂಬ್ ನದಿಗೆ ಮ್ಯಾಂಡ್ರೇಕ್ ಎಂಬ ವಿಷದ ಬೇರನ್ನು ಎಸೆದು ಸರ್ಕಾರಕ್ಕೆ ಶಾಪ ಹಾಕಿದರು. ಐದು ಶತಮಾನ ಗಲ್ಲು, ಗಡಿಪಾರು ಕಂಡ ಕಸುಬಿಗೆ ಕೊನೆಗೆ ರಸೀದಿ ಪುಸ್ತಕ ಬಂತು.

ಮನೆಯ ಮಂತ್ರವೂ ಉಳಿದಿದೆ. ಫ್ರಾನ್ಸಿನ ದಕ್ಷಿಣ ಕರಾವಳಿಯ ಸೇಂತ್ ಮಾರಿ ಎಂಬ ಊರಿನ ಚರ್ಚಿನಲ್ಲಿ, ನೆಲಮಾಳಿಗೆಯೊಳಗೆ, ಸಾರಾ ಎಂಬ ಕಪ್ಪು ಮೂರ್ತಿಯಿದೆ. ರೋಮಾಗಳು ಅವಳನ್ನು ಸಾರಾ ಕಾಲಿ ಎನ್ನುತ್ತಾರೆ. ಅವರ ಮಾತಿನಲ್ಲಿ ಕಾಲಿ ಎಂದರೆ ಕಪ್ಪನೆಯವಳು. ಇವಳು ನಮ್ಮ ಕಾಳಿಯೇ ಎನ್ನುವ ಉತ್ಸಾಹ ನನಗಿಲ್ಲ, ಸಮುದ್ರದವರೆಗಿನ ಅವಳ ಮೆರವಣಿಗೆ ಶುರುವಾದದ್ದೇ 1935ರಲ್ಲಿ. ಪ್ರತಿ ಮೇ 24ರಂದು ಅವಳನ್ನು ಹೊತ್ತು ನೀರಿನ ತನಕ ಕೊಂಡೊಯ್ಯುತ್ತಾರೆ. ಯಾತ್ರಿಕರು ಒಂದರ ಮೇಲೊಂದು ನಿಲುವಂಗಿ ಹೊದಿಸುತ್ತಾ ಹೋಗುತ್ತಾರೆ, ಕೊನೆಗೆ ಮುಖವಷ್ಟೇ ಕಾಣುತ್ತದೆ. ನೆಲಮಾಳಿಗೆಯಲ್ಲಿ ಮೇಣದಬತ್ತಿಗಳ ಸೆಕೆ ತಡೆಯಲಾಗದಷ್ಟು. ಅವಳ ಹತ್ತಿರ ಮನೆಯವರ ಫೋಟೋಗಳನ್ನೂ ಹರಕೆಯ ಚೀಟಿಗಳನ್ನೂ ಇಟ್ಟುಹೋಗುತ್ತಾರೆ.