ನಾಯಿಗೆ ತೆರೆದ ಬಾಗಿಲು

ನಾಯಿಯನ್ನು ಹೋಟೆಲಿನೊಳಕ್ಕೆ ಬಿಡಬೇಕೆ, ಬೇಡವೆ? ಜನ ಸೇರುವ ಬಸ್‌ಸ್ಟ್ಯಾಂಡು, ಸಂತೆ, ಆಸ್ಪತ್ರೆಗಳಿಗೆ ನಾಯಿ ಬರಬಹುದೆ? ಈಗ ಪೇಟೆಯ ಜನ ಬಹಳ ಗಂಭೀರವಾಗಿ ಜಗಳವಾಡುತ್ತಿರುವ ಪ್ರಶ್ನೆ ಇದು. ಬೆಂಗಳೂರಿನಂಥ ಊರುಗಳಲ್ಲಿ ಸಾಕಿದ ನಾಯಿಯ ಜೊತೆ ಬಂದವರನ್ನು ಕರೆದು ಕೂರಿಸಿ, ನಾಯಿಗೂ ತಟ್ಟೆ ಇಡುವ ಹೋಟೆಲುಗಳು ಶುರುವಾಗಿವೆ. ಬೇಕು ಅನ್ನುವವರು ನಾಯಿಯ ಪ್ರೀತಿ, ನಿಯತ್ತಿನ ಮಾತಾಡುತ್ತಾರೆ. ಬೇಡ ಅನ್ನುವವರು ಹೊಲಸು, ರೋಗ, ಕಚ್ಚುವ ಭಯದ ಮಾತಾಡುತ್ತಾರೆ. ಇಬ್ಬರೂ ಒಂದು ಮಾತನ್ನು ಮಾತ್ರ ಆಡುವುದಿಲ್ಲ. ಈ ದೇಶದಲ್ಲಿ ಬಾಗಿಲ ಒಳಗೆ ಯಾರು, ಹೊರಗೆ ಯಾರು ಅನ್ನೋದನ್ನು ಬಹುಕಾಲ ತೀರ್ಮಾನ ಮಾಡಿದ್ದು ಹೊಲಸೂ ಅಲ್ಲ, ರೋಗವೂ ಅಲ್ಲ, ಜಾತಿ. ಪ್ರಶ್ನೆಗೆ ನಾವು ಉತ್ತರ ಹೇಳುತ್ತೇವೆ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ಅದಕ್ಕೆ ಮೊದಲು ನಾಯಿಯ ಚರಿತ್ರೆಯನ್ನೂ ನಮ್ಮ ಚರಿತ್ರೆಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಕನ್ನಡ ನಾಡಿನಿಂದಲೇ ಶುರು ಮಾಡೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಊರು. ಅಲ್ಲಿ ಸಿಕ್ಕಿದ ಕ್ರಿ.ಶ. 949-50ರ ಶಾಸನ ಪಂಡಿತರಿಗೆಲ್ಲ ಗೊತ್ತು. ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ. ಅದೇ ಕಲ್ಲಿನಲ್ಲಿ ಒಂದು ನಾಯಿಯ ಕತೆಯೂ ಇದೆ. ಬೂತುಗನ ಸೇವಕ ಮಣಲೇರ ಯುದ್ಧದಲ್ಲಿ ಶೌರ್ಯ ತೋರಿಸಿ, ಬಹುಮಾನವಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಅದರ ಮೇಲೆ ನಾಯಿ ಹಂದಿ ಕಾದಾಡುವ ಚಿತ್ರ ಕೆತ್ತಿಸಿದ, ಭೂಮಿ ಬಿಟ್ಟ. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣಕೂಡದು ಅಂತ ಕಟ್ಟಳೆ ಮಾಡಿದ.

ಸತ್ತ ಪ್ರಾಣಿಗೆ ಕಲ್ಲು ನಿಲ್ಲಿಸಿದವನ ಪ್ರೀತಿಯನ್ನು ನಾವು ಹಳಿಯುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನಾಯಿಗೆ ದೇವಸ್ಥಾನದ ಮುಂದೆ ಜಾಗ, ಪೂಜೆ, ಭೂಮಿ ಎಲ್ಲ ಸಿಕ್ಕಿ ಸಾವಿರ ವರ್ಷ ಆಯಿತು. ಆ ಸಾವಿರ ವರ್ಷದಲ್ಲಿ ಎಷ್ಟು ಊರುಗಳಲ್ಲಿ ನಮ್ಮ ತಾತ ಮುತ್ತಾತಂದಿರಿಗೆ ದೇವಸ್ಥಾನದ ಮುಂದೆ ನಿಲ್ಲುವ ಜಾಗ ಸಿಕ್ಕಿತು? ದೇವಸ್ಥಾನ ಕಟ್ಟುವಾಗ ಕಲ್ಲು ಹೊತ್ತವರ ಹೆಸರನ್ನು ಎಷ್ಟು ಕಲ್ಲುಗಳ ಮೇಲೆ ಬರೆದಿದ್ದಾರೆ?

ಪುರಾಣದವರೂ ನಾಯಿಯನ್ನು ಮರೆತಿಲ್ಲ. ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ಒಂದು ನಾಯಿ ಹೋಗುತ್ತದೆ. ಸ್ವರ್ಗದಲ್ಲಿ ನಾಯಿಗೆ ಜಾಗ ಇಲ್ಲ ಅನ್ನುತ್ತಾನೆ ಇಂದ್ರ. ನಾಯಿ ಬಿಟ್ಟು ನಾನೂ ಬರುವುದಿಲ್ಲ ಅನ್ನುತ್ತಾನೆ ಧರ್ಮರಾಯ. ಕೊನೆಗೆ ಆ ನಾಯಿಯೇ ಧರ್ಮದೇವತೆ ಅಂತ ಗೊತ್ತಾಗುತ್ತದೆ. ಹರಿಕತೆ ದಾಸರು ಇದನ್ನು ಹೇಳಿ ಕಣ್ಣೀರು ತರಿಸುತ್ತಾರೆ. ಆದರೆ ಅದೇ ಮಹಾಭಾರತದಲ್ಲಿ ಇನ್ನೊಂದು ನಾಯಿ ಇದೆ. ಪಾಂಡವರ ಬೇಟೆಯ ಜೊತೆ ಕಾಡಿಗೆ ಹೋದ ನಾಯಿ ಅದು. ಕೊಳೆಯಾದ ಮೈ, ಜಡೆಗಟ್ಟಿದ ಕೂದಲಿನ ಬೇಡರ ಹುಡುಗ ಏಕಲವ್ಯನನ್ನು ಕಂಡು ಬೊಗಳಿತು. ಅವನು ಏಳು ಬಾಣ ಬಿಟ್ಟು ಅದರ ಬಾಯಿ ಮುಚ್ಚಿಸಿದ. ಆ ಬಾಣಗಳ ಜಾಡು ಹಿಡಿದೇ ಪಾಂಡವರು ಅವನನ್ನು ಹುಡುಕಿದ್ದು, ದ್ರೋಣ ಬಂದು ಬಲಗೈ ಹೆಬ್ಬೆರಳು ಕೇಳಿದ್ದು. ನಾಯಿಗಾಗಿ ಸ್ವರ್ಗ ಬೇಡ ಅಂದ ಧರ್ಮರಾಯ ಆ ಹುಡುಗನ ಬೆರಳಿಗಾಗಿ ಒಂದು ಮಾತೂ ಆಡಲಿಲ್ಲ.

ಇನ್ನು ಮನು. ಚಂಡಾಲರ ವಾಸ ಊರ ಹೊರಗೆ. ಉಣ್ಣುವುದಕ್ಕೆ ಒಡೆದ ಪಾತ್ರೆ. ಉಡುವುದಕ್ಕೆ ಹೆಣದ ಬಟ್ಟೆ. ಆಸ್ತಿ ಅಂದರೆ ನಾಯಿ ಮತ್ತು ಕತ್ತೆ — ಹೀಗೆ ಮನುಸ್ಮೃತಿಯ ಹತ್ತನೆಯ ಅಧ್ಯಾಯ ಕಟ್ಟಳೆ ಮಾಡುತ್ತದೆ. ನಮ್ಮನ್ನೂ ನಾಯಿಯನ್ನೂ ಒಟ್ಟಿಗೆ ಊರಾಚೆ ಕಳಿಸಿದವರು ಅವರೇ. ಅಲ್ಲಿಗೆ ಹೋದ ಮೇಲೆ ನಾಯಿ ಹಿಂದಕ್ಕೆ ಊರೊಳಗೆ ಹೋಗಬಹುದಾಗಿತ್ತು, ನಾವು ಹೋಗುವ ಹಾಗಿರಲಿಲ್ಲ.

ಇದು ಬರೀ ಗ್ರಂಥದ ಮಾತಲ್ಲ. ಮಹಾಡಿಗೆ ಬನ್ನಿ. ಮುಂಬಯಿ ಶಾಸನ ಸಭೆ 1923ರಲ್ಲಿ ಎಸ್.ಕೆ. ಬೋಲೆಯವರ ಗೊತ್ತುವಳಿ ಒಪ್ಪಿ, ಸರ್ಕಾರದ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳೆಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು ಅಂದಿತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಅಂತ ಕಾಗದದಲ್ಲಿ ಬರೆಯಿತು. ಕಾಗದದಲ್ಲಿ ಬರೆದದ್ದನ್ನು ಕಾಲಿನಿಂದ ನಡೆದು ತೋರಿಸುವುದಕ್ಕೆ ಬಾಬಾಸಾಹೇಬರು ಹೊರಟದ್ದು 1927ರ ಮಾರ್ಚ್ 20ರಂದು. ಸಾವಿರಾರು ಜನ ಸಾಲಾಗಿ ಹೋಗಿ ನೀರು ಮುಟ್ಟಿದರು, ಕುಡಿದರು. ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಅಂತ ಗಾಳಿಸುದ್ದಿ ಹಬ್ಬಿಸಿ, ಊಟಕ್ಕೆ ಕೂತವರ ಮೇಲೆ ದೊಣ್ಣೆ ಬೀಸಿದರು. ಆಮೇಲೆ ಕೆರೆಯನ್ನು ಶುದ್ಧ ಮಾಡಿದರು. ಹೇಗೆ? 108 ಕೊಡ ಹಾಲು, ಮೊಸರು, ಸಗಣಿ, ಗಂಜಲ ಸುರಿದು! ಮನುಷ್ಯನ ಬೊಗಸೆಯಿಂದ ಕೆಟ್ಟ ನೀರು ಸಗಣಿಯಿಂದ ಸರಿಹೋಯಿತಂತೆ.

ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಮಹಾಡಿನಲ್ಲಿ ಸೇರಿದ ಪರಿಷತ್ತಿನಲ್ಲಿ ಬಾಬಾಸಾಹೇಬರು ಒಂದು ಲಾಯರಿ ಪ್ರಶ್ನೆ ಎತ್ತಿದರು. ಈ ಕೆರೆಯಲ್ಲಿ ಬೇರೆ ಧರ್ಮದವರು ನೀರು ಕುಡಿಯುತ್ತಾರೆ. ಪಶು ಪಕ್ಷಿಗಳು ಕುಡಿಯುತ್ತವೆ. ಅಸ್ಪೃಶ್ಯರು ಸಾಕಿದ ಪ್ರಾಣಿಗಳೂ ಕುಡಿಯುತ್ತವೆ. ಅವನ್ನು ಯಾರೂ ಅಟ್ಟುವುದಿಲ್ಲ. ಹಾಗಾದರೆ ಮೈಲಿಗೆ ಎಲ್ಲಿದೆ? ನಮ್ಮ ಮನೆಯ ಪ್ರಾಣಿ ಬಾಯಿ ಹಾಕಿದರೆ ಕೆಡದ ನೀರು ನಾವು ಬೊಗಸೆ ಹಾಕಿದರೆ ಕೆಡುವುದು ಹೇಗೆ? ಅಂದರೆ ನೀರು ಕೆಡುವ ಮಾತೇ ಸುಳ್ಳು. ನಾವು ಸಮಾನರು ಅಂತ ಒಪ್ಪಬೇಕಾಗುತ್ತದಲ್ಲ, ಆ ಭಯ ಮಾತ್ರ ನಿಜ. ಡಿಸೆಂಬರ್ 25ರಂದು ಮನುಸ್ಮೃತಿಗೆ ಬೆಂಕಿ ಬಿತ್ತು. ಕೆರೆಯ ಮೊಕದ್ದಮೆ ಹತ್ತು ವರ್ಷ ನಡೆಯಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ನಮ್ಮವರ ಪರವಾಗಿ ತೀರ್ಪು ಕೊಟ್ಟಿತು. ನಾಯಿಗೆ ಕೋರ್ಟಿಲ್ಲದೆ ಸಿಕ್ಕಿದ ನೀರಿಗೆ ಮನುಷ್ಯನಿಗೆ ಹತ್ತು ವರ್ಷದ ವ್ಯಾಜ್ಯ.

ಇಲ್ಲಿ ನಮ್ಮ ದೇಶಭಕ್ತರು ಎದ್ದು, “ಬ್ರಿಟಿಷರು ನಮ್ಮನ್ನೆಲ್ಲ ನಾಯಿಯ ಹಾಗೇ ನೋಡಲಿಲ್ಲವೆ?” ಅಂತ ಕೇಳಬಹುದು. ನೋಡಿದರು. ಚಟಗಾಂವಿನ ಪಹಾಡತಲಿಯ ಯುರೋಪಿಯನ್ ಕ್ಲಬ್ಬಿನ ಬಾಗಿಲಿಗೆ ‘ನಾಯಿಗಳಿಗೂ ಭಾರತೀಯರಿಗೂ ಪ್ರವೇಶವಿಲ್ಲ’ ಎಂಬ ಹಲಗೆ ತೂಗುಹಾಕಿದ್ದರೆಂದು ಹೇಳುತ್ತಾರೆ. 1932ರ ಸೆಪ್ಟೆಂಬರಿನಲ್ಲಿ ಪ್ರೀತಿಲತಾ ವಡ್ಡೇದಾರ್ ಎಂಬ ಇಪ್ಪತ್ತೊಂದು ವರ್ಷದ ಹೆಣ್ಣುಮಗಳು ಸಂಗಾತಿಗಳ ಜೊತೆ ಆ ಕ್ಲಬ್ಬಿನ ಮೇಲೆ ದಾಳಿ ಮಾಡಿ ಪ್ರಾಣ ಕೊಟ್ಟಳು. ಅವಳ ಕೆಚ್ಚಿಗೆ ನಾವು ತಲೆಬಾಗುತ್ತೇವೆ. ಆದರೆ ಅದೇ ತಿಂಗಳು 24ನೇ ತಾರೀಕು ಪೂನಾದ ಯರವಾಡ ಜೈಲಿನಲ್ಲಿ ಏನಾಯಿತು? ನಮಗೆ ಸಿಕ್ಕಿದ್ದ ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಗಾಂಧೀಜಿಯ ಉಪವಾಸದ ಎದುರು ಬಾಬಾಸಾಹೇಬರು ಸಹಿ ಹಾಕಬೇಕಾಯಿತು. ಬಿಳಿಯರ ಕ್ಲಬ್ಬಿನ ಹಲಗೆ ಕಂಡು ರಕ್ತ ಕುದಿದ ಮೇಲ್ಜಾತಿಯವರಿಗೆ ತಮ್ಮ ಮನೆ, ಬಾವಿ, ಹೋಟೆಲುಗಳ ಬಾಗಿಲಲ್ಲಿ ತೂಗುತ್ತಿದ್ದ ಹಲಗೆ ಕಾಣಲಿಲ್ಲ. ಅದರಲ್ಲಿ ನಾಯಿಯ ಹೆಸರೂ ಇರಲಿಲ್ಲ. ಬರೀ ನಮ್ಮ ಹೆಸರಿತ್ತು.

ಹೋಟೆಲಿನ ಮಾತಿಗೆ ಬಂದೆವು. ಅನ್ನ ಮಾರುವ ಅಂಗಡಿ ಜಾತಿ ಮುರಿಯಬೇಕಾಗಿತ್ತು. ಕಾಸು ಕೊಟ್ಟವನಿಗೆಲ್ಲ ದೋಸೆ ಒಂದೇ. ಆದರೆ ನಮ್ಮ ಪೇಟೆಗಳಲ್ಲಿ ‘ಬ್ರಾಹ್ಮಣರ ಹೋಟೆಲು’ ಅಂತ ಬೋರ್ಡು ಹಾಕಿದರು, ಒಳಗೊಂದು ಕೋಣೆಯನ್ನು ಬ್ರಾಹ್ಮಣರಿಗೇ ಮೀಸಲಿಟ್ಟರು. ಮದರಾಸಿನಲ್ಲಿ ಅಂಥ ಬೋರ್ಡು ಅಳಿಸುವುದಕ್ಕೆ ಪೆರಿಯಾರ್ 1957ರಲ್ಲಿ ಚಳವಳಿ ನಡೆಸಬೇಕಾಯಿತು. ಹಳ್ಳಿಯ ಕಾಫಿ ಹೋಟೆಲಿನಲ್ಲಿ ನಮ್ಮವರು ಹೊರಗೆ ಕುಕ್ಕರಗಾಲಲ್ಲಿ ಕೂರಬೇಕು. ಗೋಡೆಯ ಸಂದಿಯಲ್ಲಿಟ್ಟ ತೆಂಗಿನ ಚಿಪ್ಪನ್ನೋ ಬೇರೆ ಲೋಟವನ್ನೋ ತಾವೇ ತೆಗೆದುಕೊಳ್ಳಬೇಕು, ಮೇಲಿಂದ ಹುಯ್ದದ್ದನ್ನು ಕುಡಿಯಬೇಕು, ತಾವೇ ತೊಳೆದಿಡಬೇಕು. ಮನುವಿನ ಒಡೆದ ಪಾತ್ರೆ ಕಾಫಿ ಹೋಟೆಲಿನವರೆಗೂ ಬಂತು ನೋಡಿ. ಆ ಹೊತ್ತಿನಲ್ಲಿ ಬೀದಿನಾಯಿ ಬೆಂಚಿನ ಕೆಳಗೆ ನೆರಳಲ್ಲಿ ಮಲಗಿರುತ್ತಿತ್ತು. ಛೀ ಅಂದರೆ ಎದ್ದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅದು ಬಂದು ಹೋದ ಜಾಗಕ್ಕೆ ಯಾರೂ ನೀರು ಚಿಮುಕಿಸುತ್ತಿರಲಿಲ್ಲ.

ಕಾನೂನು ಒಂದೊಂದಾಗಿ ಬಂತು. ದಕ್ಷಿಣ ಕನ್ನಡ, ಬಳ್ಳಾರಿಗಳು ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ 1938ರಲ್ಲಿ, ಮೈಸೂರಿನಲ್ಲಿ 1943ರಲ್ಲಿ, ಧಾರವಾಡ, ಬೆಳಗಾವಿಗಳಿದ್ದ ಮುಂಬಯಿ ಪ್ರಾಂತ್ಯದಲ್ಲಿ 1946ರಲ್ಲಿ. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಅಂತ ಹೆಸರು ಹಿಡಿದು ಬರೆದರು. ಯಾಕೆ ಅಷ್ಟು ಬಿಡಿಸಿ ಬರೆದರು? ಬಿಡಿಸಿ ಬರೆಯದಿದ್ದರೆ ಎಲ್ಲಿ ಬಾಗಿಲು ಹಾಕುತ್ತಾರೆ ಅಂತ ಬರೆದವರಿಗೆ ಗೊತ್ತಿತ್ತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು. 1976ರಲ್ಲಿ ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರಿಟ್ಟರು. ಅದರ 4ನೇ ಕಲಮಿನಲ್ಲಿ ಹೋಟೆಲಿನೊಳಕ್ಕೆ ಬಿಡದಿರುವುದು ಅಪರಾಧ, ಹೋಟೆಲಿನ ಪಾತ್ರೆ ಬಳಸಲು ಬಿಡದಿರುವುದೂ ಅಪರಾಧ. ಎರಡು ಲೋಟದ ಪದ್ಧತಿಗೆ ಕನಿಷ್ಠ ಒಂದು ತಿಂಗಳ ಜೈಲಿದೆ. ಕಲಮು ಇದೆ, ಲೋಟವೂ ಎಷ್ಟೋ ಕಡೆ ಇದೆ.

ಈಗ ನಾಯಿಯ ಪ್ರಶ್ನೆಗೆ ನೇರವಾಗಿ ಉತ್ತರ. ನಾಯಿ ನಮಗೆ ಹಗೆಯಲ್ಲ. ಊರು ನಮ್ಮನ್ನು ಹೊರಗಿಟ್ಟಾಗ ಕೇರಿಯ ಕಾವಲಿಗೆ ಮಲಗಿದ್ದು ಅದೇ. ಆದರೂ ಜನ ಉಣ್ಣುವ ಕಡೆ, ಜನ ಒತ್ತಾಗಿ ಸೇರುವ ಕಡೆ ನಾಯಿ ಬೇಡ ಅಂತಲೇ ನಾವು ಹೇಳುತ್ತೇವೆ. ಕಾರಣ ಮೈಲಿಗೆ ಅಲ್ಲ, ರೇಬಿಸ್. ಜಗತ್ತಿನಲ್ಲಿ ಹುಚ್ಚುನಾಯಿ ರೋಗದಿಂದ ಸಾಯುವವರಲ್ಲಿ ನೂರಕ್ಕೆ 36 ಜನ ಭಾರತದವರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಬೀದಿಯಲ್ಲಿ ನಾಯಿಗೆ ಸಿಕ್ಕಿಬೀಳುವವರು ಯಾರು? ಕತ್ತಲಲ್ಲೇ ಎದ್ದು ಬೀದಿ ಗುಡಿಸುವ ಪೌರಕಾರ್ಮಿಕರು, ಬಸ್‌ಸ್ಟ್ಯಾಂಡಿನಲ್ಲಿ ಮಲಗುವ ಕೂಲಿಗಳು, ನಡೆದು ಶಾಲೆಗೆ ಹೋಗುವ ಮಕ್ಕಳು. ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವರಲ್ಲ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಆಶ್ರಯತಾಣಗಳಲ್ಲಿ ಇಡಬೇಕು ಅಂತ ಆಜ್ಞೆ ಮಾಡಿತು. ಜನರ ಜೀವದ ದೃಷ್ಟಿಯಿಂದ ಇದನ್ನು ಒಪ್ಪಬೇಕು. ಆದರೆ ಬೀದಿನಾಯಿ ಬಸ್‌ಸ್ಟ್ಯಾಂಡಿನಿಂದ ಹೊರಗೆ, ಬಂಗಲೆ ನಾಯಿ ಹೋಟೆಲಿನ ಒಳಗೆ ಅನ್ನೋದಾದರೆ ಅದನ್ನು ಒಪ್ಪುವುದಿಲ್ಲ. ಮನುಷ್ಯರಿಗೆ ಜಾತಿ ಮಾಡಿದವರು ಈಗ ನಾಯಿಗೂ ಜಾತಿ ಮಾಡುತ್ತಿದ್ದಾರೆ. ಕಣ್ಣಿಲ್ಲದವರಿಗೆ ದಾರಿ ತೋರಿಸುವ ನಾಯಿಯನ್ನು ಬಿಟ್ಟು, ಉಳಿದ ಎಲ್ಲ ನಾಯಿಗೂ ಒಂದೇ ನಿಯಮ ಇರಲಿ. ನಾಯಿಯನ್ನು ಹೊಡೆದು, ವಿಷ ಹಾಕಿ ಕೊಲ್ಲುವುದಕ್ಕೂ ನಮ್ಮ ಒಪ್ಪಿಗೆ ಇಲ್ಲ. ಅಂಥ ಕೆಲಸವನ್ನು ಕೊನೆಗೆ ನಮ್ಮ ಹುಡುಗರ ಕೈಯಲ್ಲೇ ಮಾಡಿಸುತ್ತಾರೆ. ಹೋಟೆಲುಗಳ ಎಂಜಲು ಬೀದಿಗೆ ಬೀಳುವುದು ನಿಂತರೆ, ಪ್ರತಿ ಪುರಸಭೆ ಲಸಿಕೆ ಮತ್ತು ಶಸ್ತ್ರಚಿಕಿತ್ಸೆಗೆ ದುಡ್ಡು ಎತ್ತಿಟ್ಟರೆ ನಾಯಿಯ ಕಾಟ ಕಡಿಮೆಯಾಗುತ್ತದೆ.

ಹಳ್ಳಿಯ ಮೇಷ್ಟ್ರುಗಳಿಗೂ ವಿದ್ಯಾರ್ಥಿ ಗೆಳೆಯರಿಗೂ ಎರಡು ಕೆಲಸ ಹೇಳುತ್ತೇವೆ. ಒಂದು, ನಾಯಿ ಕಚ್ಚಿದರೆ ಸುಣ್ಣ, ಅರಿಶಿನ ಮೆತ್ತದೆ, ಮಂತ್ರ ಹಾಕಿಸದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು ಅವತ್ತೇ ಆಸ್ಪತ್ರೆಗೆ ಓಡಬೇಕು ಅಂತ ಪ್ರತಿ ಮಗುವಿಗೂ ಕಲಿಸಿ. ಎರಡು, ನಿಮ್ಮೂರಿನ ಕಾಫಿ ಹೋಟೆಲಿಗೆ ನಮ್ಮ ಕೇರಿಯವರ ಜೊತೆ ಹೋಗಿ, ಒಳಗಿನ ಬೆಂಚಿನಲ್ಲಿ ಕೂತು ಕಾಫಿ ಕೇಳಿ. ಯಾವ ಲೋಟದಲ್ಲಿ ಕೊಡುತ್ತಾರೆ ನೋಡಿ. ಬೇರೆ ಲೋಟ ಬಂದರೆ 4ನೇ ಕಲಮು ಓದಿ ಹೇಳಿ, ಪೊಲೀಸು ಠಾಣೆಗೆ ಹೋಗಿ ದೂರು ಬರೆಸಿ. ಒಬ್ಬೊಬ್ಬರೇ ಹೋಗಬೇಡಿ, ಗುಂಪಾಗಿ ಹೋಗಿ. ಮಹಾಡಿನಲ್ಲೂ ನಮ್ಮವರು ಸಾಲುಗಟ್ಟಿಯೇ ಹೋದದ್ದು.