ಮುಕ್ಕಾಂ ಪೋಸ್ಟ್

ನಮ್ಮ ಸಲಗರೆಯ ಲಗ್ನಪತ್ರಿಕೆಗಳಲ್ಲಿ ವಿಳಾಸ ಎರಡು ನಮೂನೆ. ಕನ್ನಡದಲ್ಲಿ ಹೊಡೆಸಿದರೆ ‘ಸಾ|| ಸಲಗರೆ, ತಾ|| ಮಿರಜ, ಜಿ|| ಸಾಂಗಲಿ’. ಮರಾಠಿಯಲ್ಲಿ ಹೊಡೆಸಿದರೆ ‘ಮು. ಪೋ. ಸಲಗರೆ’. ಒಂದು ಕಡೆಯ ಬೀಗರು ಅಥಣಿಯವರು, ಇನ್ನೊಂದು ಕಡೆಯವರು ಕವಠೆಮಹಾಂಕಾಳದವರು ಆಗಿಬಿಟ್ಟರೆ ಎರಡೂ ಪತ್ರಿಕೆ ಬೇಕಾಗುತ್ತವೆ. ‘ಸಾ’ ಎಂದರೆ ಸಾಕಿನ್, ‘ಮು. ಪೋ.’ ಎಂದರೆ ಮುಕ್ಕಾಂ ಪೋಸ್ಟ್. ಬುದ್ಧಿ ಬಂದಾಗಿನಿಂದ ಇದನ್ನು ಬರೆಯುತ್ತ ಬಂದಿದ್ದೇನೆ. ಬರೆದದ್ದರ ಅರ್ಥ ತಿಳಿದದ್ದು ಹೋದ ಸುಗ್ಗಿಯಲ್ಲಿ, ನಮ್ಮ ಪಡಸಾಲೆಗೆ ಬಂದ ಒಬ್ಬ ಹೆಣ್ಣುಮಗಳಿಂದ.

ನನ್ನ ಅಕ್ಷರ ದುಂಡಗಿವೆ ಎಂದು ಸುತ್ತಲಿನವರು ಅರ್ಜಿ ಬರೆಸಲು ಬರುತ್ತಾರೆ. ಆಕೆ ದೇವಿಯನ್ನು ಹೊತ್ತು ಊರೂರು ತಿರುಗುವ ದುರಗಮುರಗಿಯವಳು. ತಲೆಯ ಮೇಲಿನ ಮರಗವ್ವನ ಪೆಟ್ಟಿಗೆಯನ್ನು ಮೆಲ್ಲಗೆ ಕಟ್ಟೆಗೆ ಇಳಿಸಿ, ಸೆರಗಿನಿಂದ ಅದರ ಧೂಳು ಒರೆಸಿ, ಆಮೇಲೆ ತಾನು ಕುಳಿತಳು. ಮಡಿಲಲ್ಲಿ ಮೂರು ತಿಂಗಳ ಕೂಸು. ಕೂಸಿನ ಹುಟ್ಟಿದ ದಾಖಲೆ ಬೇಕಿತ್ತು.

“ಮುಕ್ಕಾಂ ಯಾವದು ಬರೀಲಿ ಯಕ್ಕಾ?”

“ಈಗ ಸ್ಟೇಷನ್ ಬೈಲಿನ್ಯಾಗ ಐತ್ರಿ ಅಣ್ಣಾ.”

“ಅದಲ್ಲ, ಕಾಯಂ ಮುಕ್ಕಾಂ.”

ಆಕೆ ನನ್ನ ಮುಖ ನೋಡಿದಳು. “ಮುಕ್ಕಾಂ ಅಂದ ಮ್ಯಾಲ ಅದು ಕಾಯಂ ಹ್ಯಾಂಗ ಆಕ್ಕೈತ್ರಿ?”

ಪೆನ್ನು ಅಲ್ಲೇ ನಿಂತಿತು. ಆಕೆಯ ಕನ್ನಡವೇ ಸರಿ, ನನ್ನದು ತಪ್ಪು.

ಮುಕ್ಕಾಂ ಎಂಬುದು ಅರಬ್ಬಿಯ ಮಕಾಮ್. ‘ನಿಲ್ಲು’ ಎಂಬ ಧಾತುವಿನಿಂದ ಬಂದದ್ದು, ನಿಂತ ಜಾಗ ಎಂದರ್ಥ. ಕಾಯಂ ಕೂಡ ಅದೇ ಧಾತುವಿನದು. ಒಂದೇ ಹೊಟ್ಟೆಯ ಈ ಅಕ್ಕತಂಗಿಯರು ನಮ್ಮ ಸೀಮೆಗೆ ಬಂದ ಮೇಲೆ ಬೇರೆ ಬೇರೆ ದಾರಿ ಹಿಡಿದರು. ಕಾಯಂ ಊರಿ ಕೂತಿತು, ಮುಕ್ಕಾಂ ತಿರುಗಾಟಕ್ಕೆ ಬಿತ್ತು. ಸಾಹೇಬರು ಮುಕ್ಕಾಂ ಮಾಡುತ್ತಾರೆ. ಪಂಢರಪುರಕ್ಕೆ ನಡೆಯುವ ದಿಂಡಿ ಮುಕ್ಕಾಂ ಮಾಡುತ್ತದೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಹಿಂಡು ಎರಡು ರಾತ್ರಿ ಮುಕ್ಕಾಂ ಮಾಡುತ್ತದೆ. ರಾತ್ರಿ ಊರಲ್ಲೇ ನಿಂತು ನಸುಕಿಗೆ ಹೊರಡುವ ಬಸ್ಸಿಗೆ ಕರ್ನಾಟಕದ ಕಡೆಯವರು ವಸ್ತಿ ಗಾಡಿ ಎಂದರೆ ಈ ಕಡೆ ಮುಕ್ಕಾಮಿ ಎಸ್‌ಟಿ ಎನ್ನುತ್ತಾರೆ. ಎಲ್ಲದರಲ್ಲೂ ಮಾತು ಒಂದೇ: ಇವತ್ತು ಇಲ್ಲಿ, ನಾಳೆ ಹೊರಡುವುದು. ಮಗ್ಗುಲಿಗೆ ‘ಪೋಸ್ಟ್’ ಬಂದು ಕೂತ ಮೇಲಷ್ಟೇ ಈ ಶಬ್ದಕ್ಕೆ ಗೂಟ ಬಿತ್ತು.

ಮಿರಜದ ಸೀಮೆಗೆ ಮುಕ್ಕಾಂ ಮಾಡಿದವರನ್ನು ಉಳಿಸಿಕೊಳ್ಳುವುದು ಗೊತ್ತು. ಗಾಯಕ ಉಸ್ತಾದ್ ಅಬ್ದುಲ್ ಕರೀಮ್ ಖಾನರು ದೂರದ ಕೈರಾನಾದವರು. ಮಿರಜದಲ್ಲಿ ನೆಲೆನಿಂತರು, 1937ರಲ್ಲಿ ತೀರಿದಾಗ ಮೀರಾಸಾಹೇಬರ ದರ್ಗಾದ ಮಗ್ಗುಲಲ್ಲಿ ಮಣ್ಣಾದರು. ಇವತ್ತು ಮಿರಜದವರು ಅವರನ್ನು ನಮ್ಮವರು ಎಂದೇ ಹೇಳುತ್ತಾರೆ.

ನಮ್ಮ ಕಾಲಡಿಯ ನೆಲದ ಹೆಸರೂ ಬದಲಾಗಿದೆ. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಹುಟ್ಟಿತು. 1960ರಲ್ಲಿ ಅದು ಸಾಂಗಲಿ ಆಯಿತು, ಮುಂಬಯಿ ರಾಜ್ಯ ಹೋಗಿ ಮಹಾರಾಷ್ಟ್ರ ಬಂತು. ನಮ್ಮ ಅಜ್ಜ ಹೊಸ್ತಿಲು ದಾಟದೆ ಇಷ್ಟೆಲ್ಲ ದಾಟಿದ. ಗಡಿಯ ಕನ್ನಡಿಗರಾಗಿ ನಮಗೂ ದುಃಖಗಳಿವೆ, ಅವನ್ನು ಹೇಳಿಕೊಳ್ಳಲೂ ಬೇಕು. ಆದರೆ ಹೊಲದ ಸಾತಬಾರಾ ಉತಾರದಲ್ಲಿ ನಮ್ಮ ಹೆಸರಿದೆ. ಆ ಹೆಣ್ಣುಮಗಳ ಹೆಸರು ಯಾವ ಉತಾರದಲ್ಲೂ ಇಲ್ಲ.

ಒಂದು ಕಾಲಕ್ಕೆ ಸರ್ಕಾರ ಅಲೆಮಾರಿಗಳ ಮುಕ್ಕಾಮನ್ನೇ ಅಪರಾಧ ಮಾಡಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ನಂತರ ಮುಂಬಯಿ ಪ್ರಾಂತಕ್ಕೂ ಬಂತು. ಆ ಕಾಯ್ದೆಯ ಪಟ್ಟಿಗೆ ಸೇರಿದ ಜಾತಿಯಲ್ಲಿ ಹುಟ್ಟಿದವರು ಠಾಣೆಯಲ್ಲಿ ಹಾಜರಿ ಹೇಳಬೇಕು, ಊರು ಬಿಡಲು ಪಾಸು ಬೇಕು. ಹಲವರನ್ನು ತಂತಿಬೇಲಿಯೊಳಗೆ ಕೂಡಿದರು. ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಆ ಓಣಿಗಳಿಗೆ ಇವತ್ತಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. 31 ಆಗಸ್ಟ್ 1952ಕ್ಕೆ ಕಾಯ್ದೆ ಹೋಯಿತು. ಬೇಲಿ ಹೋಗಿ ಕಾಗದ ಬಂತು. ಮಹಾರಾಷ್ಟ್ರದಲ್ಲಿ ವಿಮುಕ್ತ, ಅಲೆಮಾರಿ ಜಾತಿಯ ಪ್ರಮಾಣಪತ್ರ ಬೇಕೆಂದರೆ 21 ನವೆಂಬರ್ 1961ಕ್ಕಿಂತ ಮೊದಲೇ ಮನೆತನ ಈ ರಾಜ್ಯದಲ್ಲಿತ್ತು ಎಂದು ತೋರಿಸಬೇಕು. ನೀನು ತಿರುಗುವವನು ಎಂದು ಸಿದ್ಧಮಾಡಲು ನಿನ್ನಜ್ಜ ನಿಂತಿದ್ದ ಜಾಗ ತೋರಿಸು ಎಂದಂತಾಯಿತು. ನಮ್ಮ ಹೆಳವರೂ ಈ ಅಲೆಮಾರಿ ಜಾತಿಗಳ ಪಟ್ಟಿಯಲ್ಲಿದ್ದಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಬಂದು, ನಮ್ಮ ಮುತ್ತಜ್ಜ ಯಾವ ಊರಿಂದ ಎದ್ದು ಎಲ್ಲಿ ನೆಲೆನಿಂತ ಎಂದು ಏಳು ತಲೆಮಾರು ಬಾಯಲ್ಲಿ ಹೇಳಿ, ಕಾಳು ತೆಗೆದುಕೊಂಡು ಹೋಗುವವರು. ನಮ್ಮ ಇಡೀ ಸೀಮೆಯ ಸಾಕಿನ್ ಅವರ ಜೋಳಿಗೆಯಲ್ಲಿದೆ.

ಸಾಕಿನ್ ಕೂಡ ಅರಬ್ಬಿಯೇ. ಅದರ ಧಾತುವಿಗೆ ಸ್ತಬ್ಧವಾಗು, ನೆಮ್ಮದಿಯಾಗು ಎಂಬ ಅರ್ಥ. ಉರ್ದುವಿನ ಸುಕೂನ್ ಅದರ ಒಡಹುಟ್ಟು. ಊರಿದ್ದವನಿಗೆ ನೆಮ್ಮದಿ ಇರುತ್ತದೆ ಎಂದು ಆ ಭಾಷೆ ಆಡಿದವರು ಕಂಡುಕೊಂಡಿದ್ದರು. ಅರ್ಜಿ ಬರೆಯುವಾಗ ಆಕೆಯ ಕಣ್ಣು ರಸ್ತೆಯ ಮೇಲೇ ಇತ್ತು. ಮೋಟಾರ್‌ಸೈಕಲ್ ಸಪ್ಪಳವಾದರೆ ಸಾಕು, ಕೈ ತಾನಾಗಿ ಕೂಸನ್ನು ಒತ್ತಿಕೊಳ್ಳುತ್ತಿತ್ತು. “ಧಾಸ್ತಿ ರೀ ಅಣ್ಣಾ. ರಾತ್ರಿ ನಾಯಿ ಒದರಿದ್ರ ಎದಿ ಡವಡವ ಅಂತೈತಿ. ನಿದ್ದಿ ಹತ್ತೂದಿಲ್ಲ. ನಮ್ಮ ಮಾಲಕಗಂತೂ ತಲಿ ಕೆಟ್ಟಂಗ ಆಗೈತಿ, ಒಬ್ಬನ ಕುಂತು ಮಾತಾಡತಾನ.” ಧಾಸ್ತಿ ಎಂಬ ಮಾತು ನಮಗೆ ಮರಾಠಿಯಿಂದ ಬಂದದ್ದು. ಹೆದರಿಕೆ ಎಂದರೆ ಬಂದು ಹೋಗುವುದು, ಧಾಸ್ತಿ ಎಂದರೆ ಮನಸ್ಸಿನೊಳಗೆ ಮುಕ್ಕಾಂ ಮಾಡಿದ್ದು.

ಆ ಧಾಸ್ತಿಗೆ ಕಾರಣವಿದೆ. 1 ಜುಲೈ 2018ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ನಾಥಪಂಥಿ ಡವರಿ ಗೋಸಾವಿಗಳಾದ ಐವರನ್ನು, ಮಕ್ಕಳ ಕಳ್ಳರೆಂಬ ಗಾಳಿಮಾತು ನಂಬಿ ಜನ ಬಡಿದು ಕೊಂದರು. ಹೆಚ್ಚಿನವರು ನಮ್ಮ ಪಕ್ಕದ ಮಂಗಳವೇಢಾ ತಾಲ್ಲೂಕಿನವರು. 2022ರ ಸೆಪ್ಟೆಂಬರಿನಲ್ಲಿ ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳನ್ನು ಜತ್ತ ತಾಲ್ಲೂಕಿನ ಲವಂಗಾದಲ್ಲಿ ಅದೇ ಸಂಶಯದಿಂದ ಹೊಡೆದರು. ನಮ್ಮ ಕಡೆ ಅತಿಥಿಗೆ ನೀರು ಕೊಡುತ್ತ ಕೇಳುವ ಮೊದಲ ಮಾತು “ಯಾವೂರ್ರಿ?” ಅದೇ ಮಾತನ್ನು ಕೈಯಲ್ಲಿ ಕೋಲು ಹಿಡಿದೂ ಕೇಳಬಹುದು ಎಂಬುದು ನನಗೆ ಈಗಲೂ ಜೀರ್ಣವಾಗಿಲ್ಲ.

ಮನಸ್ಸಿನ ಬೇನೆಗೆ ಈಗ ಸರ್ಕಾರದ ಟೆಲಿಮಾನಸ್ ಇದೆ, 14416. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ. ಹೇಳಿದೆ. ಆಕೆಯ ಹತ್ತಿರ ಫೋನಿರಲಿಲ್ಲ. ಸಿಮ್‌ಗೆ ಕಾರ್ಡು ಬೇಕು, ಕಾರ್ಡಿಗೆ ಮುಕ್ಕಾಂ ಬೇಕು.

ಹೀಗಿದ್ದರೂ ಕಾನೂನಿನ ಮಾತಿನಲ್ಲಿ ಆಕೆಯ ಮಂದಿ ದೇಶವಿಲ್ಲದವರಲ್ಲ. ಅಂಥವರು ಬೇರೆ ಇದ್ದಾರೆ. 1982ರ ಕಾಯ್ದೆಯಿಂದ ಪೌರತ್ವ ಕಳಕೊಂಡ ಬರ್ಮಾದ ರೋಹಿಂಗ್ಯಾಗಳಿದ್ದಾರೆ. ಚಳಿಗಾಲದಲ್ಲಿ ನಮ್ಮ ಕಡೆಯ ಪೇಟೆಗಳಲ್ಲಿ ಸ್ವೆಟರ್ ಮಾರುವ, 1966ರಿಂದ ಮುಂಡಗೋಡದಲ್ಲಿ ಬೀಡುಬಿಟ್ಟ ಟಿಬೇಟಿಯನ್ನರಿದ್ದಾರೆ. ಅಲ್ಲೇ ಹುಟ್ಟಿ ಬೆಳೆದು ಕನ್ನಡ ಆಡುವವರಲ್ಲೂ ಹಲವರು ನೋಂದಣಿ ಪುಸ್ತಕ ನವೀಕರಿಸುತ್ತ ಇರಬೇಕು. ದೇಶವಿಲ್ಲದವರ ಕುರಿತ 1954 ಮತ್ತು 1961ರ ಎರಡು ಅಂತರರಾಷ್ಟ್ರೀಯ ಒಪ್ಪಂದಗಳಿಗೂ ಭಾರತ ಸಹಿ ಹಾಕಿಲ್ಲ. ದುರಗಮುರಗಿಯವರು ಈ ದೇಶದವರೇ, ಅದನ್ನು ತೋರಿಸುವ ಕಾಗದವಷ್ಟೇ ಇಲ್ಲ. ಆದರೆ 1 ಅಕ್ಟೋಬರ್ 2023ರಿಂದ ಈಚೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ತಾರೀಕು, ಜಾಗ ತೋರಿಸಲು ಜನನ ಪ್ರಮಾಣಪತ್ರವೇ ಆಧಾರ. ಆಕೆಯ ಮಡಿಲಿನ ಕೂಸು ಈಚೆಯದು.

ನಮ್ಮ ನಿಯಮಗಳಲ್ಲಿ ಮುಕ್ಕಾಮಿನ ಹಳೆಯ ಅರ್ಥ ಎರಡು ಕಡೆ ಇನ್ನೂ ಉಸಿರಾಡುತ್ತಿದೆ. ಮನೆಯಿಲ್ಲದವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವಾಗ ವಿಳಾಸದ ದಾಖಲೆ ಕೇಳುವಂತಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೊತ್ತು, ಅದೂ ಒಂದಕ್ಕಿಂತ ಹೆಚ್ಚು ಸಲ ಹೋಗಿ, ಆ ಮನುಷ್ಯ ಅಲ್ಲಿ ಮಲಗುತ್ತಾನೆಯೇ ಎಂದು ನೋಡಬೇಕು. ಮಲಗಿದ ಜಾಗವೇ ವಿಳಾಸ. ಇದನ್ನು ಬರೆದವರಿಗೆ ಕೈಮುಗಿಯಬೇಕು ಅನಿಸುತ್ತದೆ. ಇನ್ನೊಂದು, ಜನನ ನೋಂದಣಿಯ ನಿಯಮ. ಓಡುವ ವಾಹನದಲ್ಲಿ ಕೂಸು ಹುಟ್ಟಿದರೆ, ಆ ವಾಹನ ಮೊದಲು ನಿಂತ ಜಾಗದಲ್ಲಿ ಅದನ್ನು ನಡೆಸುವವನು ವರದಿ ಕೊಡಬೇಕು.

ಈ ಎರಡನೆಯದು ನನಗೆ ನೆನಪಾದದ್ದು ಆಕೆ ಹೆರಿಗೆಯ ಮಾತು ಎತ್ತಿದಾಗ. ಜತ್ತದ ಕಡೆಯಿಂದ ಬರುವಾಗ ನಡುದಾರಿಯಲ್ಲಿ ಬೇನೆ ಕಾಣಿಸಿತು. ಹಿಂದಿನಿಂದ ಬಂದ ಟೆಂಪೋ ನಿಂತಿತು. ದ್ರಾಕ್ಷಿಯ ಖಾಲಿ ಕ್ರೇಟುಗಳ ನಡುವೆ ಕೂಸು ಹುಟ್ಟಿತು. ಟೆಂಪೋ ಮತ್ತೆ ನಿಂತದ್ದು ನಮ್ಮ ಸ್ಟೇಷನ್ ಬಯಲಿನಲ್ಲಿ, ಅವರ ಗುಡಾರಗಳಿದ್ದಲ್ಲಿ. ಹಾಗಾದರೆ ವರದಿ ಆಗಬೇಕಾದದ್ದು ಸಲಗರೆಯಲ್ಲೇ. ಹುಟ್ಟಿದ ಜಾಗದ ಮುಂದೆ ಅಷ್ಟನ್ನು ದುಂಡಗೆ ಬರೆದೆ. ಟೆಂಪೋದವನ ಹೇಳಿಕೆ ಸಿಕ್ಕರೆ ಅರ್ಜಿ ಗಟ್ಟಿಯಾಗುತ್ತದೆ, ಅವನು ಯಾವ ಊರಿನವನು ಎಂದು ಕೇಳಿದೆ.

“ಕೇಳಲಿಲ್ರಿ ಅಣ್ಣಾ,” ಎಂದಳು. “ಅಂಥಾ ಹೊತ್ತಿನ್ಯಾಗ ಗಾಡಿ ನಿಂದ್ರಿಸಿ ಹತ್ತಿಸಿಕೊಂಡಾಂವಗ ಊರು ಯಾಕ ಕೇಳೂದ್ರಿ?”