ಹಗುರ ಗಾಳದ ಹಳೆಯ ಕಥೆ: ಕಲ್ಯಾಣದಿಂದ ಕೊರ್ಲಿಮ್‌ವರೆಗೆ

ಗೋವೆಯ ತಿಸವಾಡಿ ತಾಲೂಕಿನಲ್ಲಿ, ಹಳೆಯ ಗೋವೆಯಿಂದ ಫೋಂಡಾಕ್ಕೆ ಹೋಗುವ ದಾರಿಯಲ್ಲಿ, ಕೊರ್ಲಿಮ್ ಎಂಬ ಊರುಂಟು. ಅದರ ಮಗ್ಗುಲಲ್ಲಿ ಕುಂಬಾರ್ಜುವೆ ಕಾಲುವೆ ಹರಿಯುತ್ತದೆ. ಮಾಂಡವಿ, ಜುವಾರಿ ನದಿಗಳೆರಡನ್ನೂ ಕೂಡಿಸುವ ಈ ಜಲಮಾರ್ಗದ ಉದ್ದ ಸುಮಾರು 15 ಕಿಲೋಮೀಟರು. ಕಾಲುವೆಯೆಂದು ಹೆಸರಾದರೂ ಇದರ ನೀರು ಉಪ್ಪುನೀರು. ಕಡಲಿನ ಭರತ ಇಳಿತಗಳಿಗೆ ಅಧೀನವಾದುದು. ದಡದುದ್ದಕ್ಕೂ ಕಾಂಡ್ಲ ಗಿಡಗಳು, ಅವುಗಳ ಹಿಂದೆ ಮಣ್ಣಿನ ಒಡ್ಡುಗಳು, ಒಡ್ಡುಗಳ ಹಿಂದೆ ಗದ್ದೆಗಳು. ಇಳಿತದ ಹೊತ್ತಿನಲ್ಲಿ ಇಂಥ ಒಡ್ಡುಗಳ ಮೇಲೆ ನಿಂತು, ಸಪೂರವಾದ ಕೋಲಿನಿಂದ ಬೆರಳುದ್ದದ ಹುಸಿಮೀನನ್ನು ನೀರಿಗೆ ಎಸೆದು ಮೆಲ್ಲನೆ ಸೆಳೆದುಕೊಳ್ಳುವ ಹವ್ಯಾಸಿಗಳನ್ನು ಈಚಿನ ವರ್ಷಗಳಲ್ಲಿ ಗೋವೆಯ ಅಳಿವೆಗಳಲ್ಲಿ ಕಾಣಬಹುದು.

ಇದನ್ನು ಕಂಡ ಬಾಲಕನೊಬ್ಬನು, “ಇದು ಪರದೇಶದವರು ತಂದ ಆಟವಲ್ಲವೇ?” ಎಂದು ಕೇಳಿದರೆ ಉಪಾಧ್ಯಾಯನು ಏನು ಹೇಳಬೇಕು? ಹೌದೆಂದರೆ ಅರ್ಧ ಸತ್ಯ. ಅಲ್ಲವೆಂದರೂ ಅರ್ಧ ಸತ್ಯ. ಉಳಿದರ್ಧವನ್ನು ಹುಡುಕಲು ನಾವು ಕಡಲ ತೀರವನ್ನು ಬಿಟ್ಟು, ಒಳನಾಡಿನ ಕಲ್ಯಾಣಕ್ಕೆ, ಇಂದಿನ ಬಸವಕಲ್ಯಾಣಕ್ಕೆ, ಹೋಗಬೇಕಾಗುತ್ತದೆ.

ಕಲ್ಯಾಣದ ಚಾಲುಕ್ಯರಲ್ಲಿ ಪ್ರಖ್ಯಾತನಾದ ಆರನೆಯ ವಿಕ್ರಮಾದಿತ್ಯನ ತರುವಾಯ ಅವನ ಮಗ ಮೂರನೆಯ ಸೋಮೇಶ್ವರನು ಪಟ್ಟವೇರಿದನು. ಭೂಲೋಕಮಲ್ಲನೆಂಬ ಬಿರುದಿನ ಈ ಅರಸನು ಯುದ್ಧಕ್ಕಿಂತ ವಿದ್ಯೆಗೆ ಹೆಸರಾದವನು. ಕ್ರಿ. ಶ. 1130ರ ಸುಮಾರಿನಲ್ಲಿ ಇವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಐದು ವಿಂಶತಿಗಳಾಗಿ, ನೂರು ಅಧ್ಯಾಯಗಳಾಗಿ ಹಬ್ಬಿದ ಈ ಗ್ರಂಥದಲ್ಲಿ ರಾಜನೀತಿಯುಂಟು, ಅಡಿಗೆಯುಂಟು, ಆನೆ ಕುದುರೆಗಳ ಲಕ್ಷಣವುಂಟು, ಸಂಗೀತ ನೃತ್ಯಗಳುಂಟು. ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೂ ಉಂಟು.

ಈ ಪ್ರಕರಣವು ಕೇವಲ ವಿಲಾಸದ ವರ್ಣನೆಯಲ್ಲ. ಸುಮಾರು 35 ಬಗೆಯ ಮೀನುಗಳನ್ನು ಅರಸನು ಇಲ್ಲಿ ಹೆಸರಿಸುತ್ತಾನೆ. ಕಡಲಿನವು ಯಾವುವು, ನದಿಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವು, ಚಿಕ್ಕವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಆಹಾರ ಪ್ರಿಯವೆಂಬುದನ್ನು ತಿಳಿಸಿ, ನೂಲು, ಕೊಕ್ಕೆ, ಕೋಲುಗಳ ವಿಚಾರವನ್ನೂ ಹೇಳುತ್ತಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣದ ಮೇಲೆ ಲೇಖನ ಬರೆದು ಅದನ್ನು ವಿದ್ವಾಂಸರ ಗಮನಕ್ಕೆ ತಂದರು. ಗಾಳದ ಆಟವನ್ನು ಕುರಿತ ಹಳೆಯ ಇಂಗ್ಲಿಷ್ ಪ್ರಬಂಧವು ಲಂಡನ್ನಿನ ಬಳಿ ಅಚ್ಚಾದುದು 1496ರಲ್ಲಿ. ಐಸಾಕ್ ವಾಲ್ಟನ್ನನ ಜನಪ್ರಿಯ ಪುಸ್ತಕವು ಹೊರಬಂದುದು 1653ರಲ್ಲಿ. ಕನ್ನಡನಾಡಿನ ಅರಸನು ಇವರೆಲ್ಲರಿಗಿಂತ ಮೂರೂವರೆಯಿಂದ ಐದು ಶತಮಾನಗಳಷ್ಟು ಹಿಂದೆಯೇ ಗಾಳವನ್ನು ವಿದ್ಯೆಯೆಂದು ಎಣಿಸಿದ್ದನು.

ಕಲ್ಯಾಣಕ್ಕೂ ಗೋವೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಗೋವೆಯನ್ನಾಳುತ್ತಿದ್ದವನು ಕದಂಬರ ಇಮ್ಮಡಿ ಜಯಕೇಶಿ. ಅವನ ರಾಜಧಾನಿ ಗೋಪಕಪಟ್ಟಣವು ಜುವಾರಿಯ ದಡದಲ್ಲಿತ್ತು. ವಿಕ್ರಮಾದಿತ್ಯನು ತನ್ನ ಮಗಳು ಮೈಲಳದೇವಿಯನ್ನು ಈ ಜಯಕೇಶಿಗೆ ಕೊಟ್ಟು ವಿವಾಹ ಮಾಡಿದ್ದನು. ಅಂದರೆ ಗೋವೆಯ ದೊರೆಯು ಮಾನಸೋಲ್ಲಾಸದ ಕರ್ತೃವಿನ ಸೋದರಿಯ ಪತಿ. ಸೋಮೇಶ್ವರನು ಕೊರ್ಲಿಮ್ಮಿನ ದಡದಲ್ಲಿ ಗಾಳ ಹಾಕಿ ಕುಳಿತಿದ್ದನೆಂದು ನಾನು ಹೇಳುತ್ತಿಲ್ಲ. ಅದು ಕಥೆಯಾದೀತು, ಚರಿತ್ರೆಯಾಗದು. ಆದರೆ ಕಡಲ ಮೀನುಗಳನ್ನೂ ಬಣ್ಣಿಸಿದ ಆ ಗ್ರಂಥವು ಹುಟ್ಟಿದಾಗ ಈ ಅಳಿವೆಗಳು ಆ ಅರಸುಮನೆತನದ ನಂಟಿನೊಳಗೇ ಇದ್ದುವೆಂಬುದು ನಿಶ್ಚಯ.

ಇನ್ನು ಉಳಿದರ್ಧ ಸತ್ಯ. ಸೋಮೇಶ್ವರನ ಗಾಳದಲ್ಲಿದ್ದುದು ಮೀನು ತಿನ್ನಬಲ್ಲ ನಿಜವಾದ ಎರೆ. ಇಂದಿನ ಹವ್ಯಾಸಿಯು ಎಸೆಯುವುದು ಹುಸಿ ಎರೆ. ಅದರ ಕಥೆ ಬೇರೆ ಕಡೆಯಿಂದ ಬಂದುದು. ಮ್ಯಾಸಿಡೋನಿಯದ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆಯನ್ನೂ ಕೋಳಿಯ ಗರಿಯನ್ನೂ ಕಟ್ಟಿ ಮೀನನ್ನು ವಂಚಿಸುತ್ತಿದ್ದರೆಂದು ಕ್ರಿ. ಶ. 200ರ ಸುಮಾರಿನ ಲೇಖಕ ಏಲಿಯನ್ ಬರೆದಿದ್ದಾನೆ. ಲೋಹದ ಚಮಚೆಯಾಕಾರದ ಹುಸಿ ಎರೆಗೆ ಅಮೆರಿಕದಲ್ಲಿ ಜೂಲಿಯೊ ಬ್ಯುಯೆಲ್ 1852ರಲ್ಲಿ ಹಕ್ಕುಪತ್ರ ಪಡೆದನು. ಫಿನ್‌ಲೆಂಡಿನ ಬಡ ಬೆಸ್ತ ಲೌರಿ ರಪಾಲಾ 1936ರಲ್ಲಿ ಬೆಂಡನ್ನು ಕೆತ್ತಿ, ಚಾಕೊಲೇಟಿನ ಹೊಳೆವ ಕಾಗದವನ್ನು ಸುತ್ತಿ, ಗಾಯಗೊಂಡ ಮೀನಿನಂತೆ ಓಲಾಡುವ ಹುಸಿಮೀನನ್ನು ಮಾಡಿದನು.

ಆದರೆ ಇಷ್ಟು ಹಗುರವಾದ ವಸ್ತುವನ್ನು ದೂರ ಎಸೆಯುವುದು ಹೇಗೆ? ಹಳೆಯ ರಾಟೆಗಳಲ್ಲಿ ನೂಲು ಬಿಚ್ಚಬೇಕಾದರೆ ಉರುಳೆಯೇ ತಿರುಗಬೇಕಾಗಿತ್ತು. ಹಗುರ ಎರೆಗೆ ಅದನ್ನು ತಿರುಗಿಸುವ ಬಲವಿರಲಿಲ್ಲ. ಇಂಗ್ಲೆಂಡಿನ ಬಟ್ಟೆ ಗಿರಣಿಯ ಆಲ್ಫ್ರೆಡ್ ಇಲಿಂಗ್‌ವರ್ತ್, ನೂಲಿನ ಕದಿರಿನ ತುದಿಯಿಂದ ಎಳೆಯು ತಾನಾಗಿ ಜಾರಿ ಬರುವುದನ್ನು ಬಲ್ಲವನಾಗಿ, ಉರುಳೆ ನಿಶ್ಚಲವಾಗಿರುವ ರಾಟೆಯನ್ನು 1905ರಲ್ಲಿ ರೂಪಿಸಿದನು. 1938ರಲ್ಲಿ ನೈಲಾನ್ ಪ್ರಕಟವಾಯಿತು. ಮಗ್ಗದ ಜಾಣ್ಮೆ ಮತ್ತು ಹೊಸ ನೂಲು ಕೂಡಿದಾಗ, ನಾಲ್ಕೈದು ಕಿಲೋ ಭಾರ ತಡೆಯುವ ಎಳೆಯಿಂದ ಅದಕ್ಕಿಂತ ತೂಕದ ಮೀನನ್ನು ದಣಿಸಿ ದಡಕ್ಕೆ ತರುವುದು ಸಾಧ್ಯವಾಯಿತು. ಬಲದಿಂದ ಎಳೆದರೆ ನೂಲು ಹರಿಯುತ್ತದೆ. ಬಿಡಬೇಕಾದಲ್ಲಿ ಬಿಟ್ಟು, ಸೆಳೆಯಬೇಕಾದಲ್ಲಿ ಸೆಳೆಯಬೇಕು. ಹಗುರ ಗಾಳದ ಗುಟ್ಟು ಈ ಸಂಯಮವೇ.

ನಮ್ಮ ಕರಾವಳಿಯೂ ಈ ಚರಿತ್ರೆಯಲ್ಲಿ ಸುಮ್ಮನಿರಲಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳದ ಬೇಟೆಯನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಗಾಳದ ಪ್ರಿಯನಾದ ಅವನೇ ಮರಿಮೀನುಗಳ ನಾಶವನ್ನು ಕುರಿತು ಸರಕಾರವನ್ನು ಎಚ್ಚರಿಸಿದನು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯಿದೆ ಬಂದುದು 1897ರಲ್ಲಿ.

ಈಗ ಮರಳಿ ಕೊರ್ಲಿಮ್ಮಿನ ನೀರಿಗೆ ಬರೋಣ. ಈ ಸೀಮೆಯ ಹವ್ಯಾಸಿಗಳು ಮುಖ್ಯವಾಗಿ ಬಯಸುವ ಮೀನುಗಳು ಎರಡು: ಕೊಂಕಣಿಯಲ್ಲಿ ಚೊಣಕ್ ಮತ್ತು ತಾಂಬ್ಸೊ ಎನ್ನುವರು. ಚೊಣಕಿನ ಬಾಳು ವಿಚಿತ್ರವಾದುದು. ಅದು ಸಾಮಾನ್ಯವಾಗಿ ಗಂಡಾಗಿ ಬೆಳೆದು, ಕೆಲವು ವರ್ಷಗಳ ಮೇಲೆ ಹೆಣ್ಣಾಗುತ್ತದೆ. ನದೀಮುಖದ ಬಳಿ ಮೊಟ್ಟೆಯಿಡುತ್ತದೆ. ಮರಿಗಳು ಆಳವಿಲ್ಲದ ಜೌಗುನೀರಿಗೆ ಬಂದು ಬೆಳೆಯುತ್ತವೆ. ಆದುದರಿಂದ ಬಹಳ ದೊಡ್ಡ ಚೊಣಕನ್ನು ಕೊಲ್ಲುವವನು ತಾಯಿಯನ್ನೇ ಕೊಂದಂತಾಯಿತು. ದೊಡ್ಡದನ್ನು ನೀರಿಗೇ ಬಿಡುವ ಹವ್ಯಾಸಿಯ ಪದ್ಧತಿಗೆ ಇದೇ ಆಧಾರ.

ಈ ಮೀನುಗಳು ಹೊಂಚುವ ತಾಣವೆಂದರೆ ಒಡ್ಡುಗಳ ತೂಬು. ಗೋವೆಯಲ್ಲಿ ಇದನ್ನು ‘ಮಾನಸ’ ಎನ್ನುತ್ತಾರೆ. ಒಡ್ಡಿನೊಳಗಿನ ಗದ್ದೆಗಳಿಗೆ ‘ಖಾಜನ’ವೆಂದು ಹೆಸರು. ಸುಮಾರು ಆರನೆಯ ಶತಮಾನದ ತಾಮ್ರಶಾಸನಗಳಲ್ಲಿಯೇ ‘ಖಜ್ಜನ’ವೆಂಬ ಮಾತು ದೊರೆಯುತ್ತದೆ. ನಮ್ಮ ಅಘನಾಶಿನಿಯ ಗಜನಿ ಭೂಮಿಯನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್ ಭತ್ತ. ಭರತದ ನೀರು ಒತ್ತಿದಾಗ ತೂಬಿನ ಮರದ ಕದವು ತಾನಾಗಿ ಮುಚ್ಚುತ್ತದೆ. ಇಳಿತದಲ್ಲಿ ಒಳನೀರಿನ ಒತ್ತಡಕ್ಕೆ ತೆರೆಯುತ್ತದೆ. ಆಗ ಸಿಗಡಿ, ಸಣ್ಣಮೀನುಗಳು ಹೊರಕ್ಕೆ ಬರುತ್ತವೆ; ಚೊಣಕು ಕಾದಿರುತ್ತದೆ. ಒಡ್ಡನ್ನು ಕಾಯುವ ಹೊಣೆ ಹಿಂದೆ ಗ್ರಾಮಸಂಸ್ಥೆಯಾದ ಗಾಂವಕಾರಿಯದು. ಈ ಗ್ರಾಮಗಳ ಹಳೆಯ ಕಟ್ಟಳೆಗಳನ್ನು ಪೋರ್ಚುಗೀಸರು 1526ರಲ್ಲಿ ಬರಹಕ್ಕಿಳಿಸಿದರು.

1964ರ ಗೇಣಿ ಕಾಯಿದೆಯ ತರುವಾಯ ಆ ಹೊಣೆ ಗೇಣಿದಾರರ ಸಂಘಗಳಿಗೆ ಬಂದಿತು. ಉಳುವವನಿಗೆ ಭದ್ರತೆ ದೊರೆತುದು ನ್ಯಾಯವೇ; ಆದರೆ ಹಲವೆಡೆ ಒಡ್ಡಿನ ಕಾವಲು ಸಡಿಲಿತು. ತೂಬಿನ ಮೀನಿನ ಹಕ್ಕು ಹರಾಜಾಗುವಲ್ಲಿ, ಲಾಭದ ಆಸೆಯಿಂದ ಉಪ್ಪುನೀರನ್ನು ಬೇಕೆಂದೇ ಒಳಬಿಟ್ಟು ಗದ್ದೆ ಕೆಡಿಸಿದ ಉದಾಹರಣೆಗಳೂ ಉಂಟು. ಒಡ್ಡು ಒಡೆದಲ್ಲಿ ಕಾಂಡ್ಲ ಬೆಳೆಯುತ್ತದೆ. ಮೀನಿಗೆ ಆಸರೆ ಹೆಚ್ಚುತ್ತದೆ. ಗಾಳದವನಿಗೆ ಅದು ಸಂತೋಷವಾಗಬಹುದು, ಆದರೆ ರೈತನ ಅನ್ನ ಹೋದ ಮೇಲಿನ ಸಂತೋಷವದು. ಗದ್ದೆ, ತೂಬು, ಕಾಂಡ್ಲ, ಮೀನು ಇವು ನಾಲ್ಕೂ ಒಂದರ ಅಳತೆಯಲ್ಲಿ ಒಂದು ನಿಂತುದರಿಂದಲೇ ಈ ನೀರು ಸಾವಿರಾರು ವರ್ಷ ಬಾಳಿತು.

ಆದುದರಿಂದ ಬಾಲಕನ ಪ್ರಶ್ನೆಗೆ ಉತ್ತರವಿಷ್ಟು: ರಾಟೆ ಪರದೇಶದ್ದು, ಹುಸಿಮೀನು ಪರದೇಶದ್ದು, ಮೀನನ್ನು ಅರಿತು ಆಡಬೇಕೆಂಬ ವಿದ್ಯೆ ನಮ್ಮಲ್ಲಿಯೂ ಹಳೆಯದು. ಎಲ್ಲವೂ ನಮ್ಮಲ್ಲಿಯೇ ಇತ್ತೆಂದು ಜಂಬಪಡುವುದೂ ಬೇಡ, ಏನೂ ಇರಲಿಲ್ಲವೆಂದು ತಲೆತಗ್ಗಿಸುವುದೂ ಬೇಡ. ಉಪಾಧ್ಯಾಯರು ಒಮ್ಮೆ ಇಳಿತದ ಹೊತ್ತಿಗೆ ವಿದ್ಯಾರ್ಥಿಗಳನ್ನು ಒಡ್ಡಿನ ಮೇಲಕ್ಕೆ ಕರೆದೊಯ್ದು ತೂಬು ತೆರೆಯುವುದನ್ನು ತೋರಿಸಲಿ. ಕುಂಬಾರ್ಜುವೆಯಲ್ಲಿ ಮೊಸಳೆಗಳಿವೆಯಾದ್ದರಿಂದ ನೀರಿಗೆ ಮಾತ್ರ ಇಳಿಸದಿರಲಿ.